ನಾಲೆ ಸಾಹೇಬ, ಸೀಸದ ಗುಂಡು, 55 ಆನೆ

ಆನೆ ಅಂದರೆ ಸಾಕು, ನಮ್ಮ ಕ್ಲಬ್ಬಿನಲ್ಲಿ ಊರಿಗೊಂದು ಮಾತು ಶುರುವಾಗುತ್ತೆ. ಅರಕಲಗೂಡಿನ ಕಡೆಯವರು ರಾತ್ರಿ ಗದ್ದೆಗೆ ಇಳಿದ ಹಿಂಡಿನ ಲೆಕ್ಕ ಹೇಳ್ತಾರೆ. ಹಾಸನದವರು ಆಲೂರು, ಸಕಲೇಶಪುರದ ನೆಂಟರ ಕಾಫಿ ತೋಟದ ಕಥೆ ತರ್ತಾರೆ. ಹೊಳೆನರಸೀಪುರ, ಚನ್ನರಾಯಪಟ್ಟಣದವರಿಗೆ ಅದು ಹೆಚ್ಚಾಗಿ ಟಿವಿ ಸುದ್ದಿ. ಆದರೆ ವಾದ ಮಾತ್ರ ಎಲ್ಲರದೂ ಒಂದೇ ಕಡೆ ಬಂದು ನಿಲ್ಲುತ್ತೆ: ಓಡಿಸಬೇಕಾ, ಹಿಡಿಯಬೇಕಾ, ಗುಂಡು ಹೊಡೆಯಬೇಕಾ?

ಈ ಮೂರನ್ನೂ ಒಬ್ಬರೇ ಮನುಷ್ಯರು ಸುಮಾರು 150 ವರ್ಷದ ಹಿಂದೆ, ನಮ್ಮದೇ ಮೈಸೂರು ಸಂಸ್ಥಾನದಲ್ಲಿ, ಕೈಯಾರೆ ಮಾಡಿ ನೋಡಿದ್ದರು. ಅವರ ಹೆಸರು ಜಾರ್ಜ್ ಪೆರೆಸ್ ಸ್ಯಾಂಡರ್ಸನ್. ಬೇಟೆಯ ಪುಸ್ತಕ ಓದುವವರಿಗೆ ಅವರು ದೊಡ್ಡ ಶಿಕಾರಿ. ಖೆಡ್ಡಾದ ಚರಿತ್ರೆ ಓದುವವರಿಗೆ ಆನೆ ಹಿಡಿದ ಸಾಹೇಬ. ನಮಗೆ ಆಸಕ್ತಿ ಹುಟ್ಟಿಸಿದ್ದು ಇನ್ನೊಂದು ವಿಷಯ. ಅವರ ಸಂಬಳದ ಕೆಲಸ ಲೋಕೋಪಯೋಗಿ ಇಲಾಖೆಯಲ್ಲಿ ನಾಲೆ ನೋಡಿಕೊಳ್ಳುವುದು. ಅಂದರೆ ನಮ್ಮ ಸಿವಿಲ್ ಬ್ರ್ಯಾಂಚಿನ ಪೈಕಿ!

ಅಪ್ಪನ ಅಚ್ಚುಮೊಳೆ

ಸ್ಯಾಂಡರ್ಸನ್ ಹುಟ್ಟಿದ್ದು 1848ರಲ್ಲಿ. ಅಪ್ಪ ಡೇನಿಯಲ್ ಸ್ಯಾಂಡರ್ಸನ್ ವೆಸ್ಲಿಯನ್ ಮಿಷನ್ನಿನ ಪಾದ್ರಿ, ಕನ್ನಡ ಪಂಡಿತ. ಲಕ್ಷ್ಮೀಶನ ಜೈಮಿನಿ ಭಾರತದ ಭಾಗಗಳನ್ನು ಇಂಗ್ಲಿಷಿಗೆ ತಂದು 1852ರಲ್ಲಿ ಅಚ್ಚು ಹಾಕಿಸಿದವರು ಅವರು. ರೀವ್ ಮಾಡಿದ್ದ ಕನ್ನಡ-ಇಂಗ್ಲಿಷ್ ನಿಘಂಟನ್ನು ತಿದ್ದಿ ಬೆಳೆಸಿ 1858ರಲ್ಲಿ ಬೆಂಗಳೂರಿನ ವೆಸ್ಲಿಯನ್ ಮಿಷನ್ ಪ್ರೆಸ್ಸಿನಿಂದ ಹೊರತಂದವರೂ ಅವರೇ. ಕಿಟ್ಟೆಲ್ ನಿಘಂಟು ಬರುವುದಕ್ಕೆ ಇನ್ನೂ 36 ವರ್ಷ ಇತ್ತು.

ಇಲ್ಲಿ ಮೆಟೀರಿಯಲ್ ಸೈನ್ಸ್ ಓದಿದವರು ಒಂದು ನಿಮಿಷ ನಿಲ್ಲಬೇಕು. ಆ ಕಾಲದ ಪ್ರೆಸ್ಸಿನ ಅಚ್ಚುಮೊಳೆಗಳನ್ನು ಎರಕ ಹೊಯ್ಯುತ್ತಿದ್ದದ್ದು ಸೀಸ, ತವರ, ಆಂಟಿಮನಿ ಈ ಮೂರರ ಮಿಶ್ರಲೋಹದಲ್ಲಿ. ಬರೀ ಸೀಸ ಮೆತ್ತಗೆ, ಉಗುರಿನಿಂದ ಗೀರಿದರೆ ಗೆರೆ ಬೀಳುತ್ತೆ. ಆಂಟಿಮನಿ ಸೇರಿದರೆ ಗಟ್ಟಿಯಾಗುತ್ತೆ, ತಣಿಯುವಾಗ ಕುಗ್ಗುವುದೂ ಕಡಿಮೆ. ತವರ ಸೇರಿದರೆ ಕರಗಿದ ಲೋಹ ಅಚ್ಚಿನ ಮೂಲೆ ಮೂಲೆಗೂ ಹರಿಯುತ್ತೆ. ಒತ್ತಕ್ಷರದ ಬಾಲ ಕೂಡ ಸ್ಪಷ್ಟವಾಗಿ ಮೂಡಬೇಕಲ್ಲ! ಕೋವಿಯ ಗುಂಡನ್ನು ಗಟ್ಟಿ ಮಾಡಲು ಬೇಟೆಗಾರರು ಸೀಸಕ್ಕೆ ಬೆರೆಸುತ್ತಿದ್ದದ್ದೂ ಇವನ್ನೇ. ಅಪ್ಪನ ನಿಘಂಟು, ಮಗನ ಗುಂಡು, ಎರಡೂ ಒಂದೇ ಜಾತಿಯ ಲೋಹ.

ಕಾಫಿಗೆ ಬಂದು ನಾಲೆಗೆ ಸೇರಿದ್ದು

ಓದು ಇಂಗ್ಲೆಂಡಿನಲ್ಲಿ ಮುಗಿಸಿ ಜಾರ್ಜ್ 1864ರಲ್ಲಿ ಭಾರತಕ್ಕೆ ಮರಳಿದಾಗ ಅವರಿಗೆ 16 ವರ್ಷ. ನಮ್ಮ ಲೆಕ್ಕದಲ್ಲಿ ಫಸ್ಟ್ ಪಿಯು. ಬಂದದ್ದು ಕಾಫಿ ಬೆಳೆ ನಂಬಿಕೊಂಡು. ಆದರೆ ಕಾಫಿಯ ದೆಸೆ ಆಗ ಚೆನ್ನಾಗಿರಲಿಲ್ಲ. ಹುಡುಗ ಕನ್ನಡ ಕಲಿಯಲು ಕೂತರು. ಆ ಕನ್ನಡವೇ ಮುಂದೆ ಅನ್ನ ಕೊಟ್ಟಿತು. 1868ರ ಹೊತ್ತಿಗೆ ಅವರು ಮೈಸೂರು ಸಂಸ್ಥಾನದ ನೀರಾವರಿ ನಾಲೆಗಳ ಸಹಾಯಕ ಸೂಪರಿಂಟೆಂಡೆಂಟ್. ಕೆಲವೇ ವರ್ಷದಲ್ಲಿ 700 ಮೈಲಿಗೂ ಮಿಕ್ಕಿದ ನದಿ ನಾಲೆಗಳ ಉಸ್ತುವಾರಿ ಅವರ ಕೈಗೆ ಬಂತು.

ನದಿ ನಾಲೆ ಅಂದರೇನು ಅಂತ ಅರಕಲಗೂಡು, ಹೊಳೆನರಸೀಪುರದವರಿಗೆ ಹೇಳಬೇಕಾಗಿಲ್ಲ. ಕಟ್ಟೇಪುರದ ಹತ್ತಿರ ಕಾವೇರಿಗೆ ಕಟ್ಟಿದ ಕೃಷ್ಣರಾಜಕಟ್ಟೆ, ಹೇಮಾವತಿಗೆ ಕಟ್ಟಿದ ಶ್ರೀರಾಮದೇವರ ಕಟ್ಟೆ, ಅಲ್ಲಿಂದ ಹೊರಟ ನಾಲೆಗಳು ಈ ಜಾತಿಯವು. ದೊಡ್ಡ ಡ್ಯಾಮು ಇಲ್ಲ. ಹೊಳೆಗೆ ಅಡ್ಡ ಕಲ್ಲಿನ ಕಟ್ಟೆ, ಪಕ್ಕದಿಂದ ಒಂದು ಕಾಲುವೆ, ನೆಲದ ಇಳಿಜಾರು ಹಿಡಿದು ಮೈಲಿಗಟ್ಟಲೆ ಓಟ. ಇಂಥ ನಾಲೆ ನೋಡಿಕೊಳ್ಳುವವರು ವರ್ಷವಿಡೀ ದಂಡೆ ಮೇಲೆ ನಡೀಬೇಕು, ಬಿರುಕು ಹುಡುಕಬೇಕು, ನೀರುಗಂಟಿಗಳ ಮಾತು ಕೇಳಬೇಕು, ರೈತರ ಜಗಳ ಬಿಡಿಸಬೇಕು. ಹೂಳು ತೆಗೆಯಲು ನೂರಾರು ಆಳುಗಳನ್ನು ಒಟ್ಟು ಮಾಡಿ ದುಡಿಸಬೇಕು. ಕೊನೆಯ ಈ ವಿದ್ಯೆ ಮುಂದೆ ಆನೆ ಹಿಡಿಯುವಾಗ ಉಪಯೋಗಕ್ಕೆ ಬಂತು.

ನಾಲೆಗಳು ಕಾಡಿನ ಅಂಚಿನವರೆಗೂ ಹೋಗುತ್ತಿದ್ದವು. ಹುಣಸೂರು, ಕಾಕನಕೋಟೆ, ಚಾಮರಾಜನಗರದ ಕಡೆ ಕಾಡಂಚಿನ ರೈತರ ಗೋಳು ಇವತ್ತು ಆಲೂರಿನಲ್ಲಿ ಕೇಳುವ ಗೋಳೇ. ಭತ್ತ ತೆನೆ ಕಟ್ಟಿದಾಗ ಆನೆ ಬರ್ತಿತ್ತು, ಅಟ್ಟಣೆ ಕಟ್ಟಿ ರಾತ್ರಿಯೆಲ್ಲ ತಮಟೆ ಬಡಿದರೂ ಬೆಳೆ ಉಳೀತಿರಲಿಲ್ಲ. ಸ್ಯಾಂಡರ್ಸನ್ ಕೋವಿ ಹಿಡಿದದ್ದಕ್ಕೆ ಹರೆಯದ ಬೇಟೆ ಹುಚ್ಚೂ ಒಂದು ಕಾರಣ. ಅದನ್ನು ಮುಚ್ಚಿಡುವುದು ಬೇಡ.

ಬೋರು ಅನ್ನುವ ಲೆಕ್ಕ

ಹಳೇ ಕೋವಿಗಳ ಬೋರು ನಂಬರ್ ನೋಡಿದರೆ ನಮ್ಮಂಥವರಿಗೆ ಮೊದಲು ತಲೆ ಕೆಡುತ್ತೆ. ನಂಬರ್ ಸಣ್ಣದಾದಷ್ಟೂ ನಳಿಗೆ ದಪ್ಪ. ಲೆಕ್ಕ ಸುಲಭ: ಒಂದು ಪೌಂಡು ಸೀಸದಿಂದ ನಳಿಗೆಯ ಅಳತೆಯ ಎಷ್ಟು ಗುಂಡು ಎರಕ ಹೊಯ್ಯಬಹುದೋ ಅದೇ ಬೋರು. 12 ಬೋರು ಅಂದರೆ ಪೌಂಡಿಗೆ 12 ಗುಂಡು, ಒಂದೊಂದೂ ಸುಮಾರು 38 ಗ್ರಾಂ. 4 ಬೋರು ಅಂದರೆ ಪೌಂಡಿಗೆ ನಾಲ್ಕೇ ಗುಂಡು, ಒಂದೊಂದೂ ಹೆಸರಿಗೆ 113 ಗ್ರಾಂ. ಸೀಸದ ಸಾಂದ್ರತೆ 11.34 ಅಂತ ಹಾಕಿ ಗೋಳದ ಸೂತ್ರದಲ್ಲಿ ಬಿಡಿಸಿ ನೋಡಿ. 12 ಬೋರಿನ ವ್ಯಾಸ 18.5 ಮಿ.ಮೀ. ಬರುತ್ತೆ, 4 ಬೋರಿನದು 26.7 ಮಿ.ಮೀ. ಬರುತ್ತೆ. ತೂಕ ಮೂರು ಪಟ್ಟಾದರೆ ವ್ಯಾಸ ಒಂದೂವರೆ ಪಟ್ಟೂ ಆಗುವುದಿಲ್ಲ, ಘನಮೂಲದ ಮಹಿಮೆ.

ಸ್ಯಾಂಡರ್ಸನ್ ಆನೆ ಬೇಟೆಗೆ ಮೊದಲು ಬಳಸಿದ್ದು 12 ಬೋರಿನ ಕೋವಿ, ಗಟ್ಟಿ ಮಾಡಿದ ಗುಂಡು, 6 ಡ್ರಾಮ್ ಕರಿಮದ್ದು. ಒಂದು ಡ್ರಾಮ್ ಅಂದರೆ 1.77 ಗ್ರಾಂ. ಆನೆಯ ಹಣೆ ಹೊರಗಿನಿಂದ ಬಂಡೆಯಂತೆ ಕಂಡರೂ ಒಳಗೆ ಜೇನುಗೂಡಿನಂಥ ಟೊಳ್ಳು ಮೂಳೆ, ಅದರ ಹಿಂದೆ ಎಲ್ಲೋ ಪುಟ್ಟ ಮಿದುಳು. ಮೆತ್ತನೆ ಸೀಸದ ಗುಂಡು ಅಲ್ಲಿಗೆ ತಲುಪುವುದರೊಳಗೆ ಚಪ್ಪಟೆಯಾಗಿ ನಿಲ್ಲುತ್ತಿತ್ತು. ಗಟ್ಟಿ ಮಾಡಿದರೂ 12 ಬೋರು ಸಾಲದು ಅಂತ ಅವರಿಗೆ ಅನುಭವದಿಂದ ಗೊತ್ತಾಯಿತು. ಆಮೇಲೆ ಹೋದದ್ದು 4 ಬೋರಿಗೆ. ಅವರ ಹೆಸರಿನ ಜೊತೆ ಈಗಲೂ ಸೇರಿಕೊಂಡಿರುವುದು ಗ್ರೀನರ್ ಕಂಪನಿಯ ಜೋಡಿ ನಳಿಗೆಯ 4 ಬೋರು. ತೂಕ ಸುಮಾರು 9 ಕೆಜಿ, ಈಡಿಗೆ 10 ಡ್ರಾಮ್ ಮದ್ದು, ಅಂದರೆ ಸುಮಾರು 17.7 ಗ್ರಾಂ.

ಹೋಲಿಕೆಗೆ ಅದೇ ಕಾಲದ ಬ್ರಿಟಿಷ್ ಅಧಿಕಾರಿಯ ಸೊಂಟದ ರಿವಾಲ್ವರ್ ತೊಗೊಳ್ಳಿ. 1868ರಲ್ಲಿ ಬ್ರಿಟಿಷ್ ಸೈನ್ಯ ಒಪ್ಪಿಕೊಂಡ .450 ಆ್ಯಡಮ್ಸ್ ತೋಟೆಯಲ್ಲಿ ಗುಂಡು 225 ಗ್ರೇನ್, ಮದ್ದು 13 ಗ್ರೇನ್. ನಮ್ಮ ಅಳತೆಯಲ್ಲಿ 14.6 ಗ್ರಾಂ ಸೀಸ, 0.84 ಗ್ರಾಂ ಮದ್ದು. ಸ್ಯಾಂಡರ್ಸನ್ನರ ಒಂದು ಈಡಿನ ಸೀಸದಲ್ಲಿ ಏಳು ರಿವಾಲ್ವರ್ ಗುಂಡು ಎರೆದು ಮಿಗುತ್ತಿತ್ತು. ಒಂದು ಈಡಿನ ಮದ್ದಿನಲ್ಲಿ 21 ರಿವಾಲ್ವರ್ ತೋಟೆ ತುಂಬಬಹುದಿತ್ತು. ಗುಂಡಿನ ವೇಗ ಸೆಕೆಂಡಿಗೆ 400 ಮೀಟರ್ ಅಂತ ಇಟ್ಟುಕೊಂಡರೆ ಸಂವೇಗ ಸಂರಕ್ಷಣೆಯ ಪ್ರಕಾರ 9 ಕೆಜಿ ಕೋವಿ ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಹಿಂದಕ್ಕೆ ಒದೆಯುತ್ತೆ. ಭುಜದ ಗತಿ ಏನಾಗಿರಬೇಡ!

ಟೆಂಟಿನೊಳಗಿನ ಫೌಂಡ್ರಿ

ಆ ಕಾಲದಲ್ಲಿ ಕಾಡಿನಲ್ಲಿ ಕ್ಯಾಂಪ್ ಹಾಕಿದವರಿಗೆ ಪಕ್ಕದಲ್ಲಿ ತೋಟೆ ಅಂಗಡಿ ಇರಲಿಲ್ಲ. ಬೇಟೆಗಾರರ ಸಾಮಾನಿನಲ್ಲಿ ಸೀಸ ಕರಗಿಸುವ ಕಬ್ಬಿಣದ ಸೌಟು, ಗುಂಡಿನ ಅಚ್ಚು, ಮದ್ದಿನ ಅಳತೆ ಇದ್ದೇ ಇರುತ್ತಿದ್ದವು. ನಾವು ಫಸ್ಟ್ ಇಯರ್ ವರ್ಕ್‌ಶಾಪಿನಲ್ಲಿ ಕಲಿತ ಎರಕದ ಪಾಠಗಳೆಲ್ಲ ಅಲ್ಲಿ ಪ್ರಾಣದ ಪ್ರಶ್ನೆ. ಸೀಸ ಕರಗುವುದು 327 ಡಿಗ್ರಿಗೆ. ಮೇಲೆ ತೇಲುವ ಕಿಟ್ಟ ತೆಗೆಯದಿದ್ದರೆ ಅದು ಗುಂಡಿನೊಳಗೆ ಸೇರಿಕೊಳ್ಳುತ್ತೆ. ಅಚ್ಚು ತಣ್ಣಗಿದ್ದರೆ ಗುಂಡಿನ ಮೈ ಸುಕ್ಕು. ಎರೆಯುವುದು ತಡೆದು ತಡೆದು ಬಂದರೆ ಒಳಗೆ ಗಾಳಿಗುಳ್ಳೆ. ಹೊರಗಿನಿಂದ ನೋಡಿದರೆ ಗೊತ್ತಾಗಲ್ಲ, ತಕ್ಕಡಿಗೆ ಹಾಕಿದರೆ ಮಾತ್ರ ಹಗುರವಾಗಿ ಸಿಕ್ಕಿಬೀಳುತ್ತೆ. ಅದಕ್ಕೇ ಒಳ್ಳೆ ಬೇಟೆಗಾರ ಗುಂಡುಗಳನ್ನು ತೂಗಿ, ಹಗುರವಾದದ್ದನ್ನು ಮತ್ತೆ ಸೌಟಿಗೇ ಹಾಕುತ್ತಿದ್ದ. ಕ್ವಾಲಿಟಿ ಕಂಟ್ರೋಲ್ ಅಂತ ಅದಕ್ಕೆ ಹೆಸರು ಬಂದದ್ದು ಆಮೇಲೆ.

ಅದೇ ದಶಕಗಳಲ್ಲಿ ಕೋವಿಯೂ ಬದಲಾಗುತ್ತಿತ್ತು. ಮೊದಲು ನಳಿಗೆಯ ಬಾಯಿಂದ ಮದ್ದು ಸುರಿದು, ಗುಂಡು ಇಟ್ಟು, ಗಜದಿಂದ ಗಿಡಿಯಬೇಕಿತ್ತು. ನಮ್ಮ ಮಲೆನಾಡಿನ ಕೇಪಿನ ಕೋವಿಯ ಹಾಗೆ. 1866ರಲ್ಲಿ ಬ್ರಿಟನ್ನಿನ ಕರ್ನಲ್ ಎಡ್ವರ್ಡ್ ಬಾಕ್ಸರ್ ಅವರ ತೋಟೆ ಬಂತು. ಕೇಪು ಬುಡದ ನಡುಮಧ್ಯೆ, ಕಿಡಿ ಹಾಯಲು ಒಂದೇ ತೂತು. ಆ ಜಾತಿಯ ಕೇಪಿನ ಅನುಕೂಲ ಏನೆಂದರೆ ಸುಟ್ಟ ಕೇಪನ್ನು ಒಳಗಿನಿಂದ ಒಂದು ಕಡ್ಡಿಯಲ್ಲಿ ನೂಕಿ ತೆಗೆದು ಹೊಸದು ಕೂರಿಸಬಹುದು, ಹಿತ್ತಾಳೆ ಕೊಪ್ಪು ಮತ್ತೆ ಬಳಕೆಗೆ. ಜಗತ್ತಿನ ಹಲವು ದೇಶಗಳಲ್ಲಿ ಹಳೇ ವೆಬ್ಲಿ, ಆ್ಯಡಮ್ಸ್ ರಿವಾಲ್ವರ್ ಇಟ್ಟುಕೊಂಡವರು ಪರವಾನಗಿ ಪಡೆದು ಇವತ್ತಿಗೂ ಹೀಗೇ ತೋಟೆ ತುಂಬಿಕೊಳ್ತಾರೆ. ನಮ್ಮಲ್ಲಿ ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸುವುದು 1959ರ ಶಸ್ತ್ರಾಸ್ತ್ರ ಕಾಯಿದೆಯಡಿ ಅಪರಾಧ. ಹಾಗಾಗಿ ಹಾಸ್ಟೆಲ್ ಗೆಳೆಯರೇ, ಇದು ಓದುವ ವಿಷಯ ಮಾತ್ರ!

ಗುಂಡು ಸಾಲದ ಜಾಗ

ಇಷ್ಟೆಲ್ಲ ಲೆಕ್ಕ ಸರಿಯಾಗಿ ಕೂತ ಮೇಲೆ ಸ್ಯಾಂಡರ್ಸನ್ ಗುರಿ ಫಲಿಸಿತು. ಕಾಕನಕೋಟೆಯ ದಾರಿಯಲ್ಲಿ ಓಡಾಡುವವರನ್ನು ಕೊಲ್ಲುತ್ತಿದ್ದ ಪುಂಡಾನೆಯನ್ನು ಹೊಡೆದವರು ಅವರು. ಹುಲಿ, ಕಾಟಿಗಳೂ ಬಿದ್ದವು. ಆದರೆ ಒಂಟಿ ಸಲಗ ಹೊಡೆದರೆ ಒಂದು ದಾರಿ ಸುರಕ್ಷಿತವಾಗುತ್ತೆ ಅಷ್ಟೆ. ಹಿಂಡು ಹಿಂಡಾಗಿ ಗದ್ದೆಗೆ ಬರುವ ಆನೆಗೆ ಇದು ಪರಿಹಾರ ಅಲ್ಲ ಅಂತ ಅವರಿಗೆ ಕಾಣತೊಡಗಿತು. ಹಿಂಡಿನಲ್ಲಿ ಹೆಚ್ಚಿನವು ಹೆಣ್ಣಾನೆ, ಮರಿಗಳು. ಬದುಕಿದ್ದರೆ ಸರ್ಕಾರಕ್ಕೆ, ಸೈನ್ಯಕ್ಕೆ, ಮರ ಎಳೆಯಲು ಬೇಕಾದ ಪ್ರಾಣಿಗಳು.

ಜನ ಮಾಡುತ್ತಿದ್ದ ಇನ್ನೊಂದು ಉಪಾಯ ಗುಂಡಿ ತೋಡಿ ಬೀಳಿಸುವುದು. ಬಿದ್ದ ಆನೆಯ ಕಾಲು ಮುರಿಯುತ್ತಿತ್ತು, ಬಹಳಷ್ಟು ಸಾಯುತ್ತಿದ್ದವು. ಸ್ಯಾಂಡರ್ಸನ್ನರಿಗೆ ಇದು ಸೇರಲಿಲ್ಲ. ಇಡೀ ಹಿಂಡನ್ನೇ ಜೀವಂತ ಹಿಡಿಯೋಣ ಅಂತ ಅವರು ಸರ್ಕಾರಕ್ಕೆ ಯೋಜನೆ ಕೊಟ್ಟರು. ನಾಲೆ ಇಲಾಖೆಯವರಿಗೆ ಇದೆಲ್ಲ ಯಾಕೆ ಅಂತ ನಕ್ಕವರು ಇದ್ದಿರಬೇಕು. ಹೈದರಾಲಿಯೇ ಹಿಂದೆ ಪ್ರಯತ್ನಿಸಿ ಸೋತಿದ್ದ, ಮುಂದೆ ಯಾರೂ ಇದಕ್ಕೆ ಕೈ ಹಾಕಬಾರದೆಂದು ಕಲ್ಲಿನಲ್ಲಿ ಶಾಪ ಬರೆಸಿದ್ದ ಅಂತ ಪ್ರತೀತಿ ಇತ್ತು.

ಜಾಗ ಚಾಮರಾಜನಗರದ ಹತ್ತಿರ, ಹೊನ್ನುಹೊಳೆಯ ದಡ. ಸೋಲಿಗರು, ಕುರುಬರು ಆನೆಯ ಜಾಡು ಬಲ್ಲವರು. ಯಾವ ತಿಂಗಳು ಹಿಂಡು ಎಲ್ಲಿ ಮೇಯುತ್ತೆ, ಎಲ್ಲಿ ಹೊಳೆ ದಾಟುತ್ತೆ ಅನ್ನುವುದೆಲ್ಲ ಅವರಿಗೆ ಬಾಯಿಪಾಠ. ನಾಲೆ ಸಾಹೇಬರಿಗೆ ಮಣ್ಣಿನ ಕೆಲಸ ಗೊತ್ತು, ಆಳುಗಳನ್ನು ಸೇರಿಸುವುದು ಗೊತ್ತು, ಅವರ ಜೊತೆ ಕನ್ನಡದಲ್ಲೇ ಮಾತಾಡುವುದು ಗೊತ್ತು. ಹೊಳೆ, ನಾಲೆ, ಅಗೆದ ಕಂದಕ ಇವೇ ಗೋಡೆ. ಆನೆ ಎಷ್ಟೇ ಬಲವಾಗಿದ್ದರೂ ನಾಲ್ಕು ಕಾಲನ್ನೂ ಒಟ್ಟಿಗೆ ನೆಲದಿಂದ ಎತ್ತಿ ಜಿಗಿಯಲಾರದು. ಕಂದಕ ಅದರ ದಾಟಿಗಿಂತ ಅಗಲವಾಗಿದ್ದರೆ ಸಾಕು, ಅಲ್ಲಿಗೆ ನಿಲ್ಲುತ್ತೆ. 12 ಬೋರು, 4 ಬೋರುಗಳ ಬಲದಿಂದ ಆಗದ ಕೆಲಸವನ್ನು ಪ್ರಾಣಿಯ ನಡಿಗೆಯ ಮಿತಿ ಅರಿತ ಒಂದು ಹಳ್ಳ ಮಾಡಿತು. ಮೊದಲ ಪ್ರಯತ್ನ ಕೈಗೂಡಲಿಲ್ಲ. 1874ರ ಜೂನ್‌ನಲ್ಲಿ ಕೈಗೂಡಿತು. ಹಗಲಿರುಳು ಸುತ್ತ ಬೆಂಕಿ ಹಾಕಿ ಕಾವಲು ಕೂತು, ಹಿಂಡನ್ನು ಆವರಣದೊಳಗೆ ನೂಕಿ, ಬಾಗಿಲು ಬಿಟ್ಟರು. ಆಮೇಲೆ ಸಾಕಾನೆಗಳ ಮೇಲೆ ಮಾವುತರು ಒಳಗೆ ಹೋಗಿ ಒಂದೊಂದನ್ನೇ ಹಗ್ಗ ಹಾಕಿ ಕಟ್ಟಿದರು. ಸಿಕ್ಕಿದ್ದು 55 ಆನೆ. ಸ್ಯಾಂಡರ್ಸನ್ನರಿಗೆ ಆಗ 26 ವರ್ಷವೂ ಸರಿಯಾಗಿ ತುಂಬಿರಲಿಲ್ಲವೇನೋ.

ಅಳತೆಯ ಚಟ ಇಲ್ಲೂ ಅವರನ್ನು ಬಿಡಲಿಲ್ಲ. 12 ಅಡಿ ಎತ್ತರದ ಆನೆ ಅಂತೆಲ್ಲ ಜನ ಕಥೆ ಹೇಳುತ್ತಿದ್ದ ಕಾಲ ಅದು. ಅವರು ಕೋಲು ಹಿಡಿದು ಅಳೆದು, ಭುಜದ ಹತ್ತಿರ 10 ಅಡಿ ಮುಟ್ಟುವ ಆನೆ ಸಿಗುವುದೇ ಕಷ್ಟ ಅಂತ ತೋರಿಸಿದರು. ಮುಂಗಾಲಿನ ಹೆಜ್ಜೆಯ ಸುತ್ತಳತೆಯ ಎರಡರಷ್ಟು ಆನೆಯ ಎತ್ತರ ಅನ್ನುವ ಮಾವುತರ ಲೆಕ್ಕ ಸರಿ ಅಂತಲೂ ಪರೀಕ್ಷೆ ಮಾಡಿ ಬರೆದರು. ಹೆಜ್ಜೆಯ ಸುತ್ತಳತೆ ನಾಲ್ಕೂವರೆ ಅಡಿ ಇದ್ದರೆ ಆನೆ 9 ಅಡಿ. ಆನೆ ಕಣ್ಣಿಗೆ ಬೀಳುವ ಮೊದಲೇ ಅದರ ಎತ್ತರ ಗೊತ್ತು!

ಬಂಗಾಳ, ಪುಸ್ತಕ, ಕೊನೆ

ಈ ಸುದ್ದಿ ಕೇಳಿ ಬಂಗಾಳ ಸರ್ಕಾರ 1875ರಲ್ಲಿ ಅವರನ್ನು ಢಾಕಾದ ಖೆಡ್ಡಾ ಇಲಾಖೆಗೆ ಕರೆಸಿಕೊಂಡಿತು. ಚಿತ್ತಗಾಂಗ್ ಬೆಟ್ಟಗಳಲ್ಲಿ ಅವರ ತಂಡ 85 ಆನೆ ಹಿಡಿಯಿತು. 1878ರಲ್ಲಿ ಲಂಡನ್ನಿನಲ್ಲಿ ಅವರ ಪುಸ್ತಕ ಬಂತು, ಭಾರತದ ಕಾಡುಮೃಗಗಳ ನಡುವೆ 13 ವರ್ಷ ಅನ್ನುವ ಅರ್ಥದ ಹೆಸರು. ಬೇಟೆ, ಖೆಡ್ಡಾ, ಕೋವಿ, ಮದ್ದು, ಕಾಡಿನ ಜನ ಎಲ್ಲ ಅದರಲ್ಲಿವೆ. 1879ರಲ್ಲಿ ಆನೆ ಸಂರಕ್ಷಣಾ ಕಾಯಿದೆ ಬಂದ ಮೇಲೆ ಇಷ್ಟ ಬಂದ ಹಾಗೆ ಆನೆ ಹೊಡೆಯುವ ಕಾಲ ಹೋಯಿತು. 1889ರಲ್ಲಿ ರಾಜಕುಮಾರ ಆಲ್ಬರ್ಟ್ ವಿಕ್ಟರ್ ಮೈಸೂರಿಗೆ ಬಂದಾಗ ಖೆಡ್ಡಾ ನಡೆಸಿ ತೋರಿಸಿದವರೂ ಸ್ಯಾಂಡರ್ಸನ್ನೇ.

ಕಾಡಿನ ವಾಸ ದೇಹವನ್ನು ತಿಂದಿತ್ತು. 1892ರ ಮೇ ತಿಂಗಳಲ್ಲಿ ಅವರು ಮದರಾಸಿನಲ್ಲಿ ತೀರಿಕೊಂಡರು. ಇನ್ನೂ ನಲವತ್ತರ ಆಸುಪಾಸು. ಎರಡು ವರ್ಷದ ಮೇಲೆ ಕಿಪ್ಲಿಂಗ್ ಅವರ ಜಂಗಲ್ ಬುಕ್ ಬಂತು. ಅದರಲ್ಲಿ ಆನೆಗಳ ತೂಮಾಯಿಯ ಕಥೆಯಲ್ಲಿ ಬರುವ ಪೀಟರ್ಸನ್ ಸಾಹೇಬರಿಗೆ ಮಾದರಿ ಸ್ಯಾಂಡರ್ಸನ್ ಅಂತ ಹೇಳ್ತಾರೆ. ಅದೇ ಕಥೆಯಿಂದ 1937ರಲ್ಲಿ ಎಲಿಫೆಂಟ್ ಬಾಯ್ ಸಿನಿಮಾ ಆಯಿತು. ಚಿತ್ರೀಕರಣ ನಡೆದದ್ದು ಮೈಸೂರಿನಲ್ಲಿ, ನಾಯಕ ಕಾರಾಪುರದ ಮಾವುತರ ಮನೆಯ ಹುಡುಗ ಸಾಬು. ಸಾಹೇಬರ ಹೆಸರು ಪುಸ್ತಕದಲ್ಲಿ ಉಳಿಯಿತು. ಹಿಂಡು ಹುಡುಕಿಕೊಟ್ಟ ಸೋಲಿಗರ, ಕುರುಬರ, ಆವರಣದೊಳಗೆ ಇಳಿದ ಮಾವುತರ ಹೆಸರು ಅಷ್ಟಾಗಿ ಉಳಿಯಲಿಲ್ಲ. ಕೊನೆಗೆ ಹಗ್ಗ ಹಾಕಿದವರು ಅವರೇ ಆಗಿದ್ದರು.

ಖೆಡ್ಡಾದಿಂದ ಯಸಳೂರಿಗೆ

ಸ್ಯಾಂಡರ್ಸನ್ ಹಾಕಿಕೊಟ್ಟ ದಾರಿಯಲ್ಲಿ ಕಾಕನಕೋಟೆಯ ಖೆಡ್ಡಾ 1971ರವರೆಗೆ ನಡೆಯಿತು. ಅದೂ ಪೂರ್ತಿ ಕರುಣೆಯ ಕೆಲಸ ಆಗಿರಲಿಲ್ಲ. ಹಗ್ಗದ ಗಾಯದಿಂದ, ಕೊರಗಿನಿಂದ ಸತ್ತ ಆನೆಗಳೂ, ತಾಯಿ ಬಿಟ್ಟು ಬೇರೆಯಾದ ಮರಿಗಳೂ ಅದರ ಲೆಕ್ಕದಲ್ಲಿವೆ. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂತು, 1977ರಲ್ಲಿ ಆನೆ ಅದರ ಮೊದಲ ಪಟ್ಟಿಗೆ ಸೇರಿತು. ಈಗ ಅರಣ್ಯ ಇಲಾಖೆಯವರ ಕೈಯಲ್ಲಿರುವುದು ಅರಿವಳಿಕೆ ಮದ್ದಿನ ಕೋವಿ. ತಮಾಷೆ ಅಂದರೆ ಇಲ್ಲೂ ಅದೇ ಲೆಕ್ಕ. ಆನೆಯ ಎತ್ತರ ನೋಡಿ ತೂಕ ಅಂದಾಜು ಮಾಡಬೇಕು, ತೂಕಕ್ಕೆ ತಕ್ಕ ಡೋಸ್ ತುಂಬಬೇಕು, ದೂರಕ್ಕೆ ತಕ್ಕಂತೆ ಒತ್ತಡ ಹೊಂದಿಸಬೇಕು. ಕಡಿಮೆ ಆದರೆ ಹೊಡೆದವರಿಗೆ ಅಪಾಯ, ಹೆಚ್ಚಾದರೆ ಆನೆಗೆ ಅಪಾಯ. ಈಡು ತೂಗುವ ಕೈ ಇವತ್ತೂ ಬೇಕು, ಆದರೆ ಕೊಲ್ಲಲಿಕ್ಕಲ್ಲ.

1968ರಲ್ಲಿ ಕಾಕನಕೋಟೆಯ ಖೆಡ್ಡಾದಲ್ಲಿ ಸೆರೆ ಸಿಕ್ಕ ಆನೆಗಳಲ್ಲಿ ಒಂದು ಅರ್ಜುನ. 2012ರಿಂದ 2019ರವರೆಗೆ ಎಂಟು ದಸರಾಗಳಲ್ಲಿ 750 ಕೆಜಿಯ ಚಿನ್ನದ ಅಂಬಾರಿ ಹೊತ್ತ ಅರ್ಜುನ. ಆ ಆನೆ ಸತ್ತದ್ದು ನಮ್ಮ ಜಿಲ್ಲೆಯಲ್ಲಿ. 2023ರ ಡಿಸೆಂಬರ್ 4ರಂದು, ಸಕಲೇಶಪುರ ತಾಲೂಕಿನ ಯಸಳೂರು ವಲಯದಲ್ಲಿ, ಕಾಡಾನೆ ಹಿಡಿಯುವ ಕಾರ್ಯಾಚರಣೆ ನಡೆಯುತ್ತಿದ್ದಾಗ, ಕಾಡಿನ ಸಲಗದ ಜೊತೆ ಕಾದಾಡಿ. ಸ್ಯಾಂಡರ್ಸನ್ ಬಿಡಿಸಲು ಕೂತ ಲೆಕ್ಕ ಇನ್ನೂ ಮುಗಿದಿಲ್ಲ ಅನ್ನುವುದಕ್ಕೆ ನಮಗೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಡ.

ಅವರಿಂದ ನಾವು ಬೇಟೆ ಕಲಿಯಬೇಕಾಗಿಲ್ಲ. ಕಲಿಯಬೇಕಾದದ್ದು ಒಂದೇ. ಗುಂಡು ಚಪ್ಪಟೆಯಾದಾಗ ಅವರು ಲೋಹ ಬದಲಿಸಿದರು, ಅದು ಸಾಲದಾದಾಗ ಬೋರು ಬದಲಿಸಿದರು, ಅದೂ ಉತ್ತರ ಅಲ್ಲ ಅಂತ ಗೊತ್ತಾದಾಗ ಇನ್ನೂ ದೊಡ್ಡ ಕೋವಿ ಹುಡುಕದೆ ಪ್ರಶ್ನೆಯನ್ನೇ ಬದಲಿಸಿದರು. ಈ ವರ್ಷ ಫೈನಲ್ ಇಯರ್ ಪ್ರಾಜೆಕ್ಟಿಗೆ ಆನೆ ಎಚ್ಚರಿಕೆ ಗಂಟೆ, ರೇಡಿಯೊ ಕಾಲರ್, ಸೋಲಾರ್ ಬೇಲಿ ಅಂತ ಹೊರಟಿರುವ ಇಸಿ, ಸಿಎಸ್, ಸಿವಿಲ್ ಗೆಳೆಯರೇ, ಸೆನ್ಸರ್ ಆರ್ಡರ್ ಮಾಡುವ ಮೊದಲು ಒಂದು ಭಾನುವಾರ ಅರಕಲಗೂಡಿನ ಕಾಡಂಚಿನ ಹಳ್ಳಿಗೆ ಹೋಗಿ ಬನ್ನಿ. ಆನೆ ಯಾವ ತಿಂಗಳು, ಯಾವ ದಾರಿಯಲ್ಲಿ, ಎಷ್ಟು ಹೊತ್ತಿಗೆ ಬರುತ್ತೆ ಅಂತ ಅಲ್ಲಿನ ರೈತರನ್ನು ಕೇಳಿ. ನಾಲೆ ಸಾಹೇಬರು ಸೋಲಿಗರನ್ನು ಕೇಳಿದ ಹಾಗೆ.